ಚುಕ್ಕಿಯ ಆಚೆಯ ತೂಕ

"ಎದೆಹಾಲು ಸರಿಯಾಗಿ ಕುಡಿಸ್ತಿಲ್ಲ ನೀನು. ತಿಂಗಳಾದ್ರೂ ಮಗು ನಾಲ್ಕು ಕೆಜಿಯಲ್ಲೇ ನಿಂತಿದೆ," ಎಂದು ಹೊಳೆನರಸೀಪುರದ ಕ್ಲಿನಿಕ್ಕಿನ ಡಾಕ್ಟರು ಶಾಂತಿಯನ್ನು ಗದರಿದರು.

"ತಕ್ಕಡೀಲಿ ನಾಕು ಪಾಯಿಂಟ್ ಒಂಬತ್ತು ತೋರುಸ್ತು ಸಾ, ನಾನೇ ನೋಡ್ದೆ."

"ಕಂಪ್ಯೂಟರ್ ಸುಳ್ಳು ಹೇಳುತ್ತಾ?"

ಹಳ್ಳಿಮೈಸೂರಿನ ಮನೆಯಲ್ಲಿ ಅತ್ತೆ ಮಲ್ಲಿಗಮ್ಮನ ಬಾಯಿಗೆ ಬಿಡುವೇ ಇಲ್ಲವಾಯಿತು. "ಹೆತ್ತ ಕೂಸ್ನೇ ಉಪಾಸ ಕೆಡುವ್ತೀಯಾ?" ಎಂದು ಬೈದು ಮಗುವಿಗೆ ಬಲವಂತವಾಗಿ ಪುಡಿಹಾಲು ಕುಡಿಸಿದಳು. ಮಗುವಿಗೆ ಭೇದಿ ಹತ್ತಿತು.

ಭಾನುವಾರ ಬಂದ ನಾದಿನಿ ತೇಜಶ್ರೀ, ಕ್ಲಿನಿಕ್ಕಿನಿಂದ ಶಾಂತಿಯ ಮೊಬೈಲಿಗೆ ಬಂದಿದ್ದ ಮೆಸೇಜುಗಳನ್ನು ನೋಡಿ ಬೆಚ್ಚಿದಳು. ಹೋದ ತಿಂಗಳೂ ಈ ತಿಂಗಳೂ ತೂಕ ಬರೀ ನಾಲ್ಕು. ಚುಕ್ಕಿಯೇ ಇಲ್ಲ! ಆ ಕ್ಲಿನಿಕ್ಕಿಗೆ ಸಾಫ್ಟ್‌ವೇರ್ ಮಾಡಿಕೊಟ್ಟಿದ್ದು ಹಾಸನದಲ್ಲಿ ಅವಳು ಕೆಲಸ ಮಾಡುತ್ತಿದ್ದ ಸಣ್ಣ ಕಂಪನಿಯೇ.

ಮರುದಿನ ಆಫೀಸಿನಲ್ಲಿ ಬ್ಯಾಗನ್ನೂ ಇಳಿಸದೆ ಕೋಡ್ ತೆರೆದಳು. ಅದನ್ನು ಬರೆದವಳು ಅವಳೇ; ತೂಕಕ್ಕೆ ದಶಮಾಂಶ ಹಿಡಿಯುವ ಸಂಖ್ಯೆಯನ್ನೇ ಕೊಟ್ಟಿದ್ದಳು. ಈಗ ಅದು ಇಂಟಿಜರ್ ಆಗಿತ್ತು. ಪೂರ್ಣಾಂಕ ಬಿಟ್ಟು ಬೇರೇನೂ ಅದರಲ್ಲಿ ಉಳಿಯದು. 4.1 ಕೊಟ್ಟರೂ ನಾಲ್ಕು, 4.9 ಕೊಟ್ಟರೂ ನಾಲ್ಕು.

"ನಾನೇ ಬದಲಾಯಿಸಿದ್ದು," ಎಂದ ಮಾಲೀಕ ಸುದರ್ಶನ್. "ನರ್ಸ್‌ಗಳು 70.0ಕ್ಕೆ ಚುಕ್ಕಿ ಮರೆತು ಏಳುನೂರು ಕೆಜಿ ಮನುಷ್ಯರನ್ನ ಮಾಡ್ತಿದ್ರು. ದೊಡ್ಡೋರಿಗೆ ಇಂಟಿಜರ್ ಸಾಕಲ್ವಾ?"

"ಮಕ್ಕಳಿಗೆ?"

"ಮುಂದಿನ ಅಪ್‌ಡೇಟ್‌ನಲ್ಲಿ ನೋಡೋಣ. ಈಗ ಬಾಯಿಬಿಟ್ರೆ ಕಂಪನಿ ಹೆಸರು ಕೆಡುತ್ತೆ."

ತೇಜಶ್ರೀಗೆ ಮೈಯೆಲ್ಲ ಉರಿಯಿತು. "ನಮ್ಮತ್ತಿಗೆ ಹೆಸರು ಕೆಟ್ಟಿದ್ದು ಲೆಕ್ಕಕ್ಕಿಲ್ವಾ ಸಾರ್? ಇನ್ನೆಷ್ಟು ತಾಯಂದ್ರು ಬೈಸ್ಕೊಂಡು ಅಳ್ತಾ ಕೂತವ್ರೋ!"

ಅವನ ಎದುರಿಗೇ ಡಾಕ್ಟರಿಗೆ ಫೋನ್ ಮಾಡಿ ಎಲ್ಲ ಹೇಳಿಬಿಟ್ಟಳು.

"ಇವತ್ತಿಗೇ ಕೆಲಸ ಬಿಡು," ಎಂದು ಸುದರ್ಶನ್ ಕಿರುಚಿದ.

"ಸರಿಮಾಡ್ಬುಟ್ಟು ಓಯ್ತೀನಿ," ಎಂದು ಅವಳು ಕುರ್ಚಿ ಎಳೆದುಕೊಂಡಳು. ಅಷ್ಟರಲ್ಲಿ ಡಾಕ್ಟರ ಫೋನು ಅವನಿಗೇ ಬಂತು. ಅವರ ಕೂಗಾಟ ಕೇಳುತ್ತ ನಿಂತವನಿಗೆ ಅವಳನ್ನು ತಡೆಯುವ ಧೈರ್ಯ ಬರಲಿಲ್ಲ. ತೂಕವನ್ನು ಮೊದಲಿನಂತೆ ದಶಮಾಂಶಕ್ಕೆ ಬದಲಿಸಿಟ್ಟು ತೇಜಶ್ರೀ ಆಚೆ ಬಂದಳು.

ಡಾಕ್ಟರು ಶಾಂತಿಯನ್ನು ಕರೆಸಿ, ತಪ್ಪಾಯಿತು ಎಂದರು. ಭೇದಿಗೆ ಔಷಧಿ ಕೊಟ್ಟು, ಎದೆಹಾಲೇ ಸಾಕು ಎಂದರು.

"ಏನ್ ಮಾಡದವ್ವ, ಮಿಷಿನ್ನು ಅಂಗೆ ಯೋಳ್ತು," ಎಂದಳು ಮಲ್ಲಿಗಮ್ಮ, ಅವರು ಮನೆಗೆ ಮರಳಿದಾಗ.

ಶಾಂತಿ ಅತ್ತೆಯತ್ತ ತಿರುಗಿದಳು. "ಮಿಷಿನ್ನು ಯೋಳ್ತು, ಸರಿ. ದಿನಾ ಕಾಲ್ಮೇಲೆ ಮಲಗಿಸ್ಕಂಡು ನೀರು ಉಯ್ದೋರು ನೀವು. ಮಗ ಭಾರ ಆಯ್ತಾ ಐತೆ ಅಂತ ನಿಮ್ ಕಾಲ್ಗೆ ಗೊತ್ತಾಗ್ನಿಲ್ವಾ ಅತ್ತೆ?"

ಮಲ್ಲಿಗಮ್ಮ ಮಗುವಿಗಾಗಿ ಕೈ ಚಾಚಿದಳು. ಶಾಂತಿ ಕೊಡಲಿಲ್ಲ.