ಕನ್ನಪ್ಪ ಮುಚ್ಚಿಟ್ಟ ಕಾಯಿಲೆ

ವರದಮೂಲದ ಹತ್ತಿರದ ಹಳ್ಳಿಯ ಕನ್ನಪ್ಪನಿಗೆ ಮಕ್ಕಳಿರಲಿಲ್ಲ. ಮದುವೆಯಾಗಿ ಐದು ವರ್ಷವಾಗಿತ್ತು. ಭೂಮಿ ಹುಣ್ಣಿಮೆಗೆ ಬುಟ್ಟಿಯ ಮೇಲೆ ಚಿತ್ತಾರ ಬರೆಯಲು ಕುಳಿತ ಹೆಂಡತಿ ಗುತ್ಯಮ್ಮನ ಕೈಯಿಂದ ಅವನ ತಾಯಿ ಹುಲಿಯಮ್ಮ ಪುಂಡಿನಾರಿನ ಕುಂಚ ಕಸಿದುಕೊಂಡಳು.

"ಬಸುರಿ ಭೂಮಿಗೆ ಬಯಕೆ ಊಟ ಒಯ್ಯೋ ಬುಟ್ಟಿ ಇದು. ಬಂಜೆ ಕೈ ಬೇಡ."

ಜಗಲಿಯಲ್ಲಿದ್ದ ಕನ್ನಪ್ಪ ಕೇಳಿಸಿಕೊಂಡ. ಎದ್ದು ಗದ್ದೆಯ ಕಡೆ ನಡೆದ. ಗುತ್ಯಮ್ಮ ಹೊಸನಗರದ ತವರಿಗೆ ಹೋದಳು. ದೀಪಾವಳಿ ಕಳೆದ ಮೇಲೆ ಹಿರಿಯರು ಕೂತು ಸಂಬಂಧ ಬಿಡಿಸಿದರು. ಬೇಸಿಗೆಗೆ ಹುಲಿಯಮ್ಮ ಮಗನಿಗೆ ಇನ್ನೊಂದು ಹೆಣ್ಣು ನೋಡಿದಳು. ಹದಿನೆಂಟರ ಹುಡುಗಿ.

ಸಿಡುಬಿನ ದಾಕು ಹಾಕಲು ಬಂದ ನರ್ಸ್ ಮಾಸ್ತಮ್ಮ ಮಜ್ಜಿಗೆ ಕುಡಿಯುತ್ತ ಈ ಸುದ್ದಿ ಕೇಳಿದಳು.

"ಮಗನ್ನ ಪರೀಕ್ಷೆ ಮಾಡ್ಸಿದ್ರಾ ಹುಲಿಯಮ್ಮ?"

"ಅವ್ನಿಗೆಂತ ಪರೀಕ್ಷೆ? ಭತ್ತದ ಮೂಟೆ ಒಬ್ನೇ ಹೊರ್ತಾನೆ."

"ಗಾಡಿ ಎಳೆಯೋ ಎತ್ತೂ ಗಟ್ಟಿನೇ. ಅದ್ರಿಂದ ಕರು ಹುಟ್ತದಾ?"

ಹುಲಿಯಮ್ಮ ಲೋಟ ತೆಗೆದುಕೊಂಡು ಒಳಗೆ ಹೋದಳು. ಕನ್ನಪ್ಪ ನರ್ಸಿನ ಹಿಂದೆಯೇ ಗದ್ದೆಯಂಚಿನವರೆಗೆ ಬಂದ.

"ಅಕ್ಕಾ, ಮದ್ವೆಗೆ ಮುಂಚೆ ಮದರಾಸಲ್ಲಿ ನಂಗೆ ಆಪರೇಷನ್ ಆಗಿತ್ತು. ಅಂಡವಾಯು ಅಂತ ಮನೇಲಿ ಸುಳ್ಳು ಹೇಳ್ದೆ. ಕ್ಯಾನ್ಸರ್ ಅದು. ಒಂದು ಬೀಜ ತೆಗೆದ್ರು. ಆಮೇಲೆ ಹೊಟ್ಟೆಗೆ ತಿಂಗಳು ದಿನ ಕರೆಂಟ್ ಕೊಟ್ರು."

"ಕಿರಣ ಚಿಕಿತ್ಸೆ ಅದು. ಡಾಕ್ಟ್ರು ಏನಂದ್ರು?"

"ಮಕ್ಳಾಗ್ದೇ ಇರ್ಬಹುದು, ಎರಡು ವರ್ಷ ಬಿಟ್ಟು ಪರೀಕ್ಷೆ ಮಾಡ್ಸು ಅಂದ್ರು. ನಾಚ್ಕೆ ಆಯ್ತು."

"ನಾಚ್ಕೆ ನಿಂದು. ಬಂಜೆ ಅನ್ನಿಸ್ಕೊಂಡಿದ್ದು ಅವ್ಳು."

ರೋಗ ಸುಡುವ ಕಿರಣ ಉಳಿದ ವೃಷಣಕ್ಕೂ ತಗಲಬಹುದು, ಕೆಲವರಿಗೆ ವೀರ್ಯಾಣು ಮರಳಿ ಹುಟ್ಟುತ್ತವೆ, ಕೆಲವರಿಗೆ ಇಲ್ಲ, ಮೈಯ ಕಸುವು ನೋಡಿ ಅದು ತಿಳಿಯುವುದಿಲ್ಲ ಎಂದು ಮಾಸ್ತಮ್ಮ ವಿವರಿಸಿದಳು.

ಶಿವಮೊಗ್ಗದಲ್ಲಿ ಎರಡು ಸಲ ಪರೀಕ್ಷೆಯಾಯಿತು. ವೀರ್ಯಾಣು ಒಂದೂ ಇರಲಿಲ್ಲ. ಕನ್ನಪ್ಪ ತಾಯಿಗೆ ಎಲ್ಲ ಹೇಳಿದ. ಹುಲಿಯಮ್ಮ ಆ ಹುಡುಗಿಯ ಮನೆಗೆ ತಾನೇ ಹೋಗಿ ಮದುವೆ ಬೇಡವೆಂದಳು. ಮರುದಿನ ತಾಯಿ ಮಗ ಗುತ್ಯಮ್ಮನನ್ನು ಮರಳಿ ಕರೆತರಲು ಹೊಸನಗರದ ಬಸ್ಸು ಹತ್ತಿದರು.

ಗುತ್ಯಮ್ಮನ ಅಣ್ಣ ಕೆರಿಯಪ್ಪ ಒಳಗೆ ಕರೆಯಲಿಲ್ಲ.

"ಸುಗ್ಗೀಲೇ ಬೇರೆ ಕಡೆ ಕೂಡಿಕೆ ಮದ್ವೆ ಮಾಡಿ ಕೊಟ್ವಿ. ಈಗ ಅವ್ಳಿಗೆ ಮೂರು ತಿಂಗ್ಳು. ನೀವಿನ್ನು ಹೊರಡಿ."

ಅಣ್ಣಂದಿರೇ, ತಾಯಂದಿರೇ, ಕ್ಯಾನ್ಸರಿಗೆ ಕಿರಣ ಚಿಕಿತ್ಸೆ ಬೇಕೆಂದರೆ ಬಿಡಬೇಡಿ. ಕನ್ನಪ್ಪ ಬದುಕಿರುವುದು ಅದರಿಂದಲೇ. ಆದರೆ ಮುಂದೆ ಮಕ್ಕಳಾಗುತ್ತವೆಯೇ ಎಂದು ಚಿಕಿತ್ಸೆಗೆ ಮೊದಲೇ ಡಾಕ್ಟರನ್ನು ಕೇಳಿ. ಹೆಣ್ಣು ನೋಡಲು ಹೋದಾಗ ಇದ್ದದ್ದು ಹೇಳಿ. ಮಕ್ಕಳಾಗದಿದ್ದರೆ ಗಂಡನ ಪರೀಕ್ಷೆಯೂ ಆಗಲಿ.

ಕನ್ನಪ್ಪನ ಮನೆಯಲ್ಲಿ ಈಗ ಇಬ್ಬರಿದ್ದಾರೆ. ಹೋದದ್ದು ಐದು ವರ್ಷ, ಒಬ್ಬಳು ಸೊಸೆ.