ಬಡಗಿಯ ಕೈಯ ಸೂಜಿ

ಬಡಗಿಯ ಕೈಗೆ ಸೂಜಿ ಬಂದದ್ದು ಪಾಸ್ಟರರ ಭಾನುವಾರದ ಪ್ರಸಂಗದ ಹದಿನೇಳನೆಯ ನಿಮಿಷದಲ್ಲಿ. ಅಲ್ಲಿಯವರೆಗೆ ಎಲ್ಲವೂ ಸಲೀಸಾಗಿಯೇ ಸಾಗಿತ್ತು. ಅವರು ಹೇಳುತ್ತಿದ್ದ ಕಥೆಯಲ್ಲಿ ಬೇರೆ ಯಾವುದೋ ಊರಿನ ಬಡಗಿಯೊಬ್ಬ, ತಂದೆಗೆ ಕೊನೆಗಾಲ ಬಂದಿದೆಯೆಂಬ ಸುದ್ದಿ ತಲುಪಿದರೂ ಕೈಲಿದ್ದ ಮದುವೆಯ ಕೆಲಸ ಮುಗಿಸಿಯೇ ಹೊರಟಿದ್ದ. ಮನೆ ಸೇರುವಷ್ಟರಲ್ಲಿ ತಂದೆ ಹೋಗಿ ಒಂದು ಗಂಟೆಯಾಗಿತ್ತು. ಪಾಸ್ಟರ್ ಪ್ರಸಂಗಪೀಠದ ಅಂಚು ಹಿಡಿದು ಮುಂದೆ ಬಾಗಿದರು, ದನಿ ತಗ್ಗಿಸಿದರು. "ಸುದ್ದಿ ಬಂದಾಗ ಅವನ ಕೈಯಲ್ಲಿ ಸೂಜಿ ಇತ್ತು. ಆ ಸೂಜಿಯನ್ನು ಅವನು ಕೆಳಗಿಡಲಿಲ್ಲ."

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಬಡಗಿಗೆ ಸೂಜಿ ಯಾಕೆ? ಆ ನಗು ಅರ್ಧಕ್ಕೇ ನಿಂತಿತು. ತಲೆಗಳು ಒಂದೊಂದಾಗಿ ಎಡಗಡೆಯ ನಾಲ್ಕನೆಯ ಬೆಂಚಿನತ್ತ ತಿರುಗಿದವು. ಅಲ್ಲಿ ದರ್ಜಿ ಕೂತಿದ್ದ, ಊರಿನ ಅರ್ಧ ಮದುವೆ ಕೋಟುಗಳನ್ನು ಹೊಲಿದವನು. ಅವನು ನೋಡುತ್ತಿದ್ದದ್ದು ಪಾಸ್ಟರನ್ನಲ್ಲ, ಪೀಠದ ಪಕ್ಕದಲ್ಲಿ ಆರ್ಗನ್ ಮುಂದೆ ಕೂತಿದ್ದ ತನ್ನ ತಂಗಿಯನ್ನು. ಅಪ್ಪ ಸತ್ತ ದಿನ ಅಣ್ಣನ ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿತ್ತು ಎಂದೇ ಆಕೆ ಒಂಬತ್ತು ವರ್ಷದಿಂದ ನಂಬಿದ್ದಳು.

ದರ್ಜಿ ಆಶೀರ್ವಾದಕ್ಕೂ ಕಾಯದೆ ಎದ್ದು ಹೋದ. ತಂಗಿ ಕೊನೆಯ ಹಾಡನ್ನು ಒಂದು ಸ್ವರವೂ ತಪ್ಪದೆ ನುಡಿಸಿ, ಆರ್ಗನ್ ಮುಚ್ಚಿ, ಯಾರ ಮುಖವನ್ನೂ ನೋಡದೆ ಹೊರಟಳು. ಪೀಠದಿಂದ ಇಳಿಯುವ ಗಡಿಬಿಡಿಯಲ್ಲಿ ಪಾಸ್ಟರರ ನಿಲುವಂಗಿಯ ಅಂಚು ಮೆಟ್ಟಿಲಿನ ಮೊಳೆಗೆ ಸಿಕ್ಕಿ ಮೊಳದುದ್ದ ಹರಿಯಿತು.

ಜನ ಅವರನ್ನು ಬೆನ್ನ ಹಿಂದೆ 'ಕಥೆ ಅಯ್ಯನವರು' ಎನ್ನುತ್ತಿದ್ದರು, ಮೆಚ್ಚಿಕೊಂಡೇ. ಆ ಕಥೆಗಳೆಲ್ಲ ಬರುತ್ತಿದ್ದದ್ದು ಒಂದು ಬೂಟಿನ ಡಬ್ಬಿಯಿಂದ. ಸಭೆಯವರ ಮನೆಗಳಿಗೆ ಹೋಗಿ ಬಂದ ಸಂಜೆ, ಕೇಳಿದ್ದನ್ನು ಅಂಗೈಯಗಲದ ಚೀಟಿಯಲ್ಲಿ ಬರೆದು, ಮೇಲೆ 'ಕ್ಷಮೆ', 'ಹೊಟ್ಟೆಕಿಚ್ಚು', 'ತಾಳ್ಮೆ' ಎಂದು ತಲೆಬರಹ ಕೊಟ್ಟು ಅದರಲ್ಲಿ ಹಾಕಿಡುತ್ತಿದ್ದರು. ಸೋಮವಾರ ಬೈಬಲ್ ವಾಕ್ಯ ಆರಿಸಿದರೆ ಬುಧವಾರ ಚೀಟಿ ಆರಿಸುವುದು, ಶುಕ್ರವಾರ ಊರನ್ನೂ ಕಸುಬನ್ನೂ ಬದಲಾಯಿಸಿ ಪ್ರಸಂಗ ಬರೆಯುವುದು. ಶನಿವಾರ ಬೆಳಿಗ್ಗೆ ಖಾಲಿ ಚರ್ಚಿನಲ್ಲಿ ನಿಂತು ಅದನ್ನು ಗಟ್ಟಿಯಾಗಿ ಹೇಳಿ ನೋಡುವುದು. ಆಗ ಗಂಟೆ ಹೊಡೆಯುವ ಮುದುಕ, ಎಲ್ಲರ ಬಾಯಲ್ಲೂ ಗಂಟೆಯಜ್ಜ, ಬೆಂಚು ಒರೆಸುತ್ತಿರುತ್ತಾನೆ. ಅಜ್ಜನ ಕೈ ಎಲ್ಲಿ ನಿಲ್ಲುತ್ತದೋ ಅಲ್ಲಿ ಪ್ರಸಂಗ ಹಿಡಿಯಿತೆಂದು ಲೆಕ್ಕ. ಆ ಶನಿವಾರ ಸೂಜಿಯ ಮಾತು ಬಂದಲ್ಲೇ ಕೈ ನಿಂತಿತ್ತು. ಪಾಸ್ಟರ್ ಒಳಗೊಳಗೇ ಹಿಗ್ಗಿದ್ದರು. ಪಾಪ, ಅಜ್ಜ ನಿಂತದ್ದು ಬಡಗಿ ಸೂಜಿಯಿಂದ ಏನು ಮಾಡುತ್ತಿದ್ದ ಎಂದು ಯೋಚಿಸುತ್ತ.

ಸೋಮವಾರ ಪಾಸ್ಟರ್ ಹರಿದ ನಿಲುವಂಗಿಯನ್ನು ಮಡಚಿ ಕಂಕುಳಲ್ಲಿಟ್ಟುಕೊಂಡರು. ಹೆಂಡತಿ ಬಾಗಿಲವರೆಗೆ ಬಂದರು.

"ಹೋಗಿ ಬನ್ನಿ. ಆದ್ರೆ ಅಲ್ಲೂ ಪ್ರಸಂಗ ಶುರು ಮಾಡ್ಬೇಡಿ."

ಅಂಗಡಿಯಲ್ಲಿ ದರ್ಜಿ ಕೋಟಿನ ತೋಳಿಗೆ ಸೀಮೆಸುಣ್ಣದ ಗೆರೆ ಎಳೆಯುತ್ತಿದ್ದ. ತಲೆ ಎತ್ತಲಿಲ್ಲ.

"ಹೊಲಿಗೆ ಕೆಲ್ಸ ಇದ್ರೆ ಅಲ್ಲಿಡಿ. ಬೇರೆ ಏನಾದ್ರೂ ಇದ್ರೆ ನಂಗೆ ಪುರುಸೊತ್ತಿಲ್ಲ."

ಪಾಸ್ಟರ್ ನಿಲುವಂಗಿಯನ್ನು ಮೇಜಿನ ಮೇಲಿಟ್ಟರು. ಹೋಗಲಿಲ್ಲ. "ತಪ್ಪಾಯ್ತು. ಈ ಭಾನುವಾರ ಎಲ್ಲರ ಮುಂದೆ ನಿಮ್ಮ ಕ್ಷಮೆ ಕೇಳ್ತೀನಿ."

ದರ್ಜಿ ಗೆರೆ ಮುಗಿಸಿ ಸೀಮೆಸುಣ್ಣ ಕೆಳಗಿಟ್ಟ. "ನಿನ್ನೆ ಅರ್ಧ ಜನಕ್ಕೆ ಅರ್ಥ ಆಗಿರ್ಲಿಲ್ಲ. ಈ ವಾರ ಅವರಿಗೂ ತಿಳಿಸಿಬಿಡ್ತೀರಾ?"

ಪಾಸ್ಟರಿಗೆ ಕಿವಿಯವರೆಗೆ ಬಿಸಿಯೇರಿತು. ಕ್ಷಮೆ ಕೇಳುವ ಮಾತುಗಳನ್ನು ರಾತ್ರಿಯೇ ಮನಸ್ಸಿನಲ್ಲಿ ಜೋಡಿಸಿಟ್ಟುಕೊಂಡಿದ್ದರು. ಎಲ್ಲಿ ನಿಲ್ಲಬೇಕು, ಎಲ್ಲಿ ದನಿ ತಗ್ಗಿಸಬೇಕು ಎಂಬುದನ್ನೂ ಬಿಟ್ಟಿರಲಿಲ್ಲ.

"ತಂಗಿ ಮಾತಾಡ್ತಾ ಇಲ್ಲ. ಫೋನೂ ಎತ್ತಲ್ಲ," ದರ್ಜಿ ಹೇಳಿದ. "ಅವಳಿಗೆ ಹೇಳ್ಬೇಕು ಅಂತ ಒಂಬತ್ತು ವರ್ಷದಿಂದ ಧೈರ್ಯ ಕೂಡಿಸ್ತಾ ಇದ್ದೆ ಅಯ್ಯನವರೇ. ಬೈತಿದ್ಲು, ಅಳ್ತಿದ್ಲು, ಏನೋ ಒಂದು ಆಗ್ತಿತ್ತು. ಆದ್ರೆ ನಾನು ಹೇಳ್ಬೇಕಾಗಿದ್ದ ಮಾತು ಅದು. ನನ್ನ ಹತ್ರ ಇದ್ದದ್ದು ಅದೊಂದೇ. ಅದನ್ನೂ ನೀವು ತಗೊಂಡ್ರಿ."

ಪಾಸ್ಟರ್ ಜೇಬಿನಿಂದ ಆ ಚೀಟಿ ತೆಗೆದು ಮೇಜಿನ ಮೇಲಿಟ್ಟರು. ದರ್ಜಿ ಕನ್ನಡಕ ಏರಿಸಿ ಓದಿದ.

"'ತಡ.' ತಲೆಬರಹ ಚೆನ್ನಾಗಿ ಕೊಟ್ಟಿದ್ದೀರಿ," ಎಂದು, ಚೀಟಿಯನ್ನು ಗುಂಡುಪಿನ್ನಿನ ಡಬ್ಬಿಯೊಳಗೆ ಹಾಕಿ ಮುಚ್ಚಳ ಒತ್ತಿದ.

ಮನೆಗೆ ಬಂದವರೇ ಪಾಸ್ಟರ್ ಬೂಟಿನ ಡಬ್ಬಿಯನ್ನು ಮಂಚದ ಮೇಲೆ ಸುರುವಿದರು. ಸತ್ತವರ ಚೀಟಿ, ಊರು ಬಿಟ್ಟವರ ಚೀಟಿ ಬೇರೆ ಮಾಡಿದ ಮೇಲೆ ಅರವತ್ತೊಂದು ಉಳಿದವು. ಆ ವಾರ ಅವರು ವಾಕ್ಯ ಆರಿಸಲಿಲ್ಲ. ಬೆಳಿಗ್ಗೆ ಒಂದು ಬೀದಿ, ಮಧ್ಯಾಹ್ನ ಒಂದು ಬೀದಿ ಎಂದು ನಡೆದರು. ಬಾಗಿಲು ತಟ್ಟುವುದು, ಚೀಟಿ ಕೈಗಿಡುವುದು, "ಇದು ನಿಮ್ಮದು, ನನ್ನ ಹತ್ತಿರ ಇರಬಾರದಾಗಿತ್ತು" ಎನ್ನುವುದು. ನಿವೃತ್ತ ಪೋಸ್ಟ್‌ಮ್ಯಾನ್ ತನ್ನದನ್ನು ನಿಂತಲ್ಲೇ ನಾಲ್ಕು ಚೂರು ಮಾಡಿ, ಬಾಗಿಲು ಹಾಕಿಕೊಂಡರು. ಬೇಕರಿಯಮ್ಮನದು ಇನ್ನೊಂದು ತರಹ.

"ನನ್ನ ಕಥೆ ಯಾವ ವಾರ ಹೇಳಿದ್ರಿ?"

"ಹೇಳಿಲ್ಲಮ್ಮ."

"ಅದ್ಯಾಕೆ? ಅಷ್ಟು ಚೆನ್ನಾಗಿದೆಯಲ್ಲ," ಎಂದು ಆಕೆ ಮುಖ ಊದಿಸಿಕೊಂಡರು.

ಶುಕ್ರವಾರ ಸಂಜೆಗೆ ಕಾಲು ಬಾತುಕೊಂಡಿತ್ತು, ಐವತ್ತೆಂಟು ಚೀಟಿ ಮುಗಿದಿದ್ದವು. ಉಳಿದ ಮೂರನ್ನು ನಾಳೆ ಕೊಟ್ಟರಾಯಿತು ಎಂದು ಹೆಂಡತಿ ಅಂದರೂ ಕೇಳದೆ ಮತ್ತೆ ಚಪ್ಪಲಿ ಮೆಟ್ಟಿ ಹೋದರು. ಆ ಸುತ್ತಾಟದಲ್ಲಿ ಅವರಿಗೆ ಒಂದು ವಿಷಯ ನಾಚಿಕೆಯಾಗುವಷ್ಟು ಸ್ಪಷ್ಟವಾಗಿತ್ತು: ಚೀಟಿಯ ಮೇಲಿನ ಮಾತೆಲ್ಲ ನೆನಪಿತ್ತು, ಹೇಳುವಾಗ ಅವರವರ ಮುಖ ಹೇಗಿತ್ತು ಎಂಬುದು ಒಂದೂ ನೆನಪಿರಲಿಲ್ಲ.

ಶನಿವಾರ ಬೆಳಿಗ್ಗೆ ಒಂದೇ ಹಾಳೆ ಹಿಡಿದು ಖಾಲಿ ಚರ್ಚಿನಲ್ಲಿ ನಿಂತರು. ಹೇಳಿ ಮುಗಿಸಲು ಆರು ನಿಮಿಷ ಸಾಕಾಯಿತು. ಗಂಟೆಯಜ್ಜನ ಬಟ್ಟೆ ಒಮ್ಮೆಯೂ ನಿಲ್ಲಲಿಲ್ಲ.

"ಕಥೆ ಇಲ್ವಾ ಅಯ್ಯನವರೇ?"

"ಇಲ್ಲ."

"ಜನ ನಿದ್ದೆ ಹೋಗ್ತಾರೆ."

"ಹೋಗ್ಲಿ ಬಿಡು."

ಭಾನುವಾರ ನಿಲುವಂಗಿ ಬಂದಿರಲಿಲ್ಲ, ನಾಲ್ಕನೆಯ ಬೆಂಚು ಖಾಲಿ. ತಂಗಿ ಮಾತ್ರ ಆರ್ಗನ್ ಮುಂದೆ ನೆಟ್ಟಗೆ ಕೂತಿದ್ದಳು. ಬರೀ ಬಿಳಿ ಅಂಗಿಯಲ್ಲಿ ಪೀಠ ಹತ್ತಿದ ಪಾಸ್ಟರನ್ನು ಕಂಡು ಬೆಂಚುಗಳಲ್ಲಿ ಗುಸುಗುಸು ಎದ್ದಿತು. ಅವರು ಅದು ಅಡಗುವವರೆಗೂ ಕಾಯಲಿಲ್ಲ. ಅಂಚು ಹಿಡಿಯಲಿಲ್ಲ, ಬಾಗಲಿಲ್ಲ.

"ನಾನು ನಿಮ್ಮ ಮನೆಗಳಿಗೆ ಬಂದೆ. ನೀವು ನಿಮ್ಮ ಕಷ್ಟ ಹೇಳಿದಿರಿ. ನಾನು ತಲೆ ಆಡಿಸುತ್ತಾ ಕೂತಿದ್ದೆ. ಆದರೆ ನನ್ನ ಕಿವಿ ಇದ್ದದ್ದು ಮುಂದಿನ ಭಾನುವಾರದ ಮೇಲೆ. ಈ ಮಾತು ಇಲ್ಲಿ ಎಷ್ಟು ಚೆನ್ನಾಗಿ ಕೇಳಿಸುತ್ತದೆ ಎಂದು ಅಲ್ಲೇ ಅಳೆಯುತ್ತಿದ್ದೆ. ಇಪ್ಪತ್ತೆರಡು ವರ್ಷ ಹೀಗೆ ಮಾಡಿದ್ದೇನೆ. ಅದು ಕಳ್ಳತನ."

ಯಾರೂ ನಿದ್ದೆ ಹೋಗಿರಲಿಲ್ಲ. ಪಾಸ್ಟರ್ ಹಾಳೆಯನ್ನು ತಿರುಗಿಸಿದರು. ದನಿ ನಡುಗಿತು, ನಡುಗಿಸಬೇಕೆಂದು ಅಂಚಿನಲ್ಲಿ ಬರೆದಿರಲಿಲ್ಲ.

"ಒಂದು ಮಾತನ್ನು ಒಬ್ಬರು ಇನ್ನೊಬ್ಬರಿಗೆ ಹೇಳಲು ವರ್ಷಗಟ್ಟಲೆ ಧೈರ್ಯ ಕೂಡಿಸುತ್ತಾರೆ. ಅದನ್ನು ನಾನು ಮೊದಲೇ ಹೇಳಿಬಿಟ್ಟರೆ, ಕೇಳಿದವರಿಗೆ ಸಿಕ್ಕಿದ್ದು ನನ್ನ ದನಿ ಮಾತ್ರ. ಅವರ ಸಂಕಟ ಅದರಲ್ಲಿ ಇರುವುದಿಲ್ಲ. ಅದಕ್ಕೇ ಕೇಳಿಕೊಳ್ಳುತ್ತೇನೆ. ಈ ಪೀಠದಿಂದ ನಿಮ್ಮವರ ವಿಷಯ ಏನು ಕೇಳಿದ್ದರೂ ಅದನ್ನು ಕೇಳಿಲ್ಲ ಅಂದುಕೊಳ್ಳಿ. ಆ ಮಾತು ಯಾರದೋ ಅವರ ಹತ್ತಿರ ಹೋಗಿ, ಕೂತು, ಅವರ ಬಾಯಿಂದಲೇ ಕೇಳಿ. ಕೇಳಿದ ಮೇಲೆ ಕೋಪ ಮಾಡಿಕೊಳ್ಳಿ. ನನ್ನ ಮಾತು ಕೇಳಿ ಮಾತ್ರ ಮಾಡಿಕೊಳ್ಳಬೇಡಿ."

ಅಷ್ಟೇ ಹೇಳಿ ಇಳಿದರು. ಹಾಡು ಶುರುವಾಗಬೇಕಿತ್ತು. ಆರ್ಗನ್ ಸುಮ್ಮನಿತ್ತು. ತಂಗಿ ಎರಡೂ ಕೈಗಳನ್ನು ಕೀಲಿಮಣೆಯ ಮೇಲಿಟ್ಟು ಕೂತೇ ಇದ್ದಳು. ಗಂಟೆಯಜ್ಜ ಕೆಮ್ಮಿದ. ಆಮೇಲೆ ಹಾಡು ಬಂತು, ಎರಡು ಕಡೆ ತಪ್ಪಿತು.

ಮುಂದಿನ ಶನಿವಾರ ಪಾಸ್ಟರ್ ಖಾಲಿ ಚರ್ಚಿನಲ್ಲಿ ಹೊಸ ಪ್ರಸಂಗ ಓದಿಕೊಳ್ಳುತ್ತಿದ್ದಾಗ ಬಾಗಿಲು ಸದ್ದಾಯಿತು. ತಂಗಿ ಬಂದಿದ್ದಳು, ಕೈಯಲ್ಲಿ ನಿಲುವಂಗಿ. ಕಣ್ಣು ಕೆಂಪಗಿದ್ದವು.

"ನಿಮ್ಮ ಕೆಲ್ಸ ಅರ್ಧ ಆಗಿದೆ, ಕೋಪ ಮಾಡ್ಕೋಬೇಡಿ," ಎಂದಳು. "ನಾನು ಅಂಗಡಿಗೆ ಹೋದಾಗ ಅಣ್ಣ ಇದನ್ನೇ ಹೊಲೀತಾ ಇದ್ದ. ನನ್ನ ನೋಡಿದ್ದೇ ಎದ್ದು ಬಂದ. ಮಧ್ಯಾಹ್ನದವರೆಗೂ ಕೂತು ಎಲ್ಲಾ ಹೇಳ್ದ."

"ಮತ್ತೆ ನೀವು?"

"ಇನ್ನೂ ಕೋಪ ಇದೆ." ಆಕೆ ಮೂಗು ಒರೆಸಿಕೊಂಡಳು. "ಇರ್ಲಿ ಬಿಡಿ, ಅದು ನಮ್ಮಿಬ್ಬರದ್ದು."

ಪಾಸ್ಟರ್ ಮುಂದೇನೂ ಕೇಳಲಿಲ್ಲ. ನಿಲುವಂಗಿಯ ಅಂಚು ಬಿಡಿಸಿ ನೋಡಿದರು. ಗೇಣುದ್ದ ಹೊಲಿಗೆ ಸಣ್ಣಗೆ, ಒಂದೇ ಸಮನೆ ಬಂದು, ಅರ್ಧ ಎಳೆದ ಕುಣಿಕೆಯ ಹತ್ತಿರ ಥಟ್ಟನೆ ನಿಂತಿತ್ತು. ಸೂಜಿ ಇನ್ನೂ ದಾರದಲ್ಲೇ ಇತ್ತು.

"ತೆಗೆದಿಡ್ಲಾ ಇದನ್ನ? ಚುಚ್ಚುತ್ತೆ."

"ಬೇಡ. ಅಣ್ಣ ನಾಳೆ ಗಂಟೆ ಹೊಡೆಯೋಕೆ ಮೊದ್ಲೇ ಬರ್ತಾನಂತೆ. ಇಲ್ಲೇ ಕೂತು ಮುಗಿಸ್ತಾನಂತೆ."

ಆಕೆ ಆರ್ಗನ್ ಮುಚ್ಚಳ ತೆಗೆದು ಅಭ್ಯಾಸಕ್ಕೆ ಕೂತಳು. ಪಾಸ್ಟರ್ ನಿಲುವಂಗಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಹೋಗಿ ಕಿಟಕಿಯ ಪಕ್ಕದ ಗೂಟಕ್ಕೆ ತೂಗುಹಾಕಿದರು. ಹೊಲಿಯದೆ ಉಳಿದ ಅಂಚು ಜೋತುಬಿತ್ತು. ಅದರ ಕೆಳಗೆ, ಗೇಣುದ್ದದ ಕಪ್ಪು ದಾರದ ತುದಿಯಲ್ಲಿ, ಸೂಜಿ ಬೆಳಕಿನಲ್ಲಿ ಅತ್ತಿತ್ತ ತೂಗುತ್ತಿತ್ತು.