ಆಪರೇಟರರ ಕಣ್ಣು

ಫಿಲ್ಮಿನ ಅಂಚಿನ ತೂತುಗಳು ಪ್ರೊಜೆಕ್ಟರ್ ಯಂತ್ರದ ಹಲ್ಲಿಗೆ ಸರಿಯಾಗಿ ಕೂತವೋ ಇಲ್ಲವೋ ಎಂದು ಆಪರೇಟರು ಉಗುರಿನಿಂದ ತಡವಿದರು. ಕೂತಿದ್ದವು. ಮೂವತ್ತೆಂಟು ವರ್ಷ ಚಿತ್ರಮಂದಿರದಲ್ಲಿ ಇದೇ ಕೆಲಸ ಮಾಡಿದ ಬೆರಳುಗಳಿಗೆ ಕಣ್ಣಿನ ಹಂಗಿರಲಿಲ್ಲ. ಆದರೆ ಪರದೆಯ ಮೇಲಿನ ಚಿತ್ರ ಬೆರಳಿಗೆ ಸಿಗುವುದಿಲ್ಲವಲ್ಲ. ಎರಡು ವರ್ಷದಿಂದ ಅವರ ನೋಟದ ನಡುಮಧ್ಯೆ ಮಸುಕು ಕೂತಿತ್ತು, ಡಾಕ್ಟರು ಕೈಚೆಲ್ಲಿದ್ದರು. ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ.

ಈ ಸಂಜೆ ಊರ ಗ್ರಂಥಾಲಯದಲ್ಲಿ ಸಿನಿಮಾ, ಮಗಳ ಏರ್ಪಾಟು. ಗ್ರಂಥಾಲಯ ನೋಡಿಕೊಳ್ಳುವವಳು ಅವಳೇ. ಮೊದಲು ಹಳೆಯ ಕಾರ್ಟೂನು, ಆಮೇಲೆ ಕೌಬಾಯ್ ಚಿತ್ರ, ಅದೂ ಅಸಲಿ ರೀಲಿನಲ್ಲಿ ಎಂದು ಊರೆಲ್ಲ ಚೀಟಿ ಅಂಟಿಸಿದ್ದಳು. ಇನ್ನು ತಿಂಗಳಿಗೊಮ್ಮೆ ಹೀಗೇ ಎಂದು ಮೇಲಧಿಕಾರಿಗಳನ್ನೂ ಒಪ್ಪಿಸಿದ್ದಳು. ಗುಟ್ಟು ರಟ್ಟಾದರೆ ಯಂತ್ರ ಬೇರೆಯವರ ಪಾಲು. ಆಮೇಲೆ ಮನೆಯಲ್ಲಿ ಗೋಡೆ ನೋಡುತ್ತ ಕೂರಬೇಕು, ಅದೂ ನೆಟ್ಟಗೆ ಕಾಣುವುದಿಲ್ಲ.

ಚಿತ್ರ ಮಸುಕಾಗದಂತೆ ಲೆನ್ಸಿನ ತಿರುಪನ್ನು ಅಂದಾಜಿನ ಮೇಲೆ ತಿರುಗಿಸಿದರು. ಕಾರ್ಟೂನಿನ ಕರಡಿ ದಡಬಡ ಬಿದ್ದಾಗ ಜನ ನಕ್ಕರು, ಇವರಿಗೆ ಹೋದ ಜೀವ ಬಂದಂತಾಯಿತು. ಕೌಬಾಯ್ ಚಿತ್ರದ ರೀಲು ಹಾಕಿ ತಿರುಪನ್ನು ಮತ್ತೆ ಅಂದಾಜಿನ ಮೇಲೆ ಸರಿಪಡಿಸಿದರು. ಅದು ಶುರುವಾದ ಮೇಲೆ ಮಾತ್ರ ಕೆಳಗೆ ಕೂತವರಿಂದ ಒಂದು ಸದ್ದೂ ಇಲ್ಲ. ಕಿವಿ ನಿಮಿರಿಸಿ ಕೇಳಿದರು. ಒಂದು ಕೆಮ್ಮು, ಕುರ್ಚಿಯ ಕಿರ್ರು, ಅಷ್ಟೇ. ಕಥೆಯಲ್ಲಿ ಮುಳುಗಿಹೋಗಿದ್ದಾರೆ ಎಂದು ತಮಗೆ ತಾವೇ ಸಮಾಧಾನ ಹೇಳಿಕೊಂಡರು. ಎದೆ ನಂಬಲಿಲ್ಲ.

ಮೊದಲ ರೀಲು ಮುಗಿದು ದೀಪ ಹತ್ತಿದ ಕೂಡಲೇ ಮಗಳು ಮೆಟ್ಟಿಲು ಹತ್ತಿ ಬಂದಳು.

"ಅಪ್ಪ, ಈ ರೀಲಿನ ಕೊನೇಲಿ ಗುಡ್ಡ ಇಳಿದು ಬಂದೋರು ಎಷ್ಟು ಜನ?"

ಈ ಚಿತ್ರವನ್ನು ಒಂದು ಕಾಲದಲ್ಲಿ ಅವರು ಐವತ್ತು ದಿನ ಓಡಿಸಿದ್ದರು. "ಮೂರು ಜನ. ನಡುವಿನೋನದು ಬಿಳಿ ಕುದುರೆ. ಯಾಕೆ, ನೀನು ನೋಡ್ಲಿಲ್ವಾ?"

"ಯಾರೂ ನೋಡ್ಲಿಲ್ಲ. ಬರೀ ಮಸುಕು ಮಸುಕು."

ಆಪರೇಟರು ತಿರುಪಿನತ್ತ ಕೈ ಚಾಚಿದರು. "ಮತ್ತೆ ಒಬ್ರೂ ಕೂಗ್ಲಿಲ್ಲ?"

"ಪಾಪ, ಆಪರೇಟ್ರು ವಯಸ್ಸಾದೋರು ಅಂತ ಸುಮ್ಮನೆ ಕೂತಿದ್ರು."

ಚಿತ್ರಮಂದಿರದಲ್ಲಿ ಅರೆಗಳಿಗೆ ಮಸುಕಾದರೂ ಜನ ಶಿಳ್ಳೆ ಹೊಡೆದು ಇವರ ವಂಶವನ್ನೆಲ್ಲ ಜಾಲಾಡುತ್ತಿದ್ದರು. ಪಾಪ ಎಂದವರು ಮಾತ್ರ ಒಬ್ಬರೂ ಇರಲಿಲ್ಲ. ನಾಚಿಕೆಯಿಂದ ಅವರ ಕಿವಿ ಬಿಸಿಯಾಯಿತು.

"ಎಷ್ಟು ದಿನದಿಂದ ಕಾಣ್ತಿಲ್ಲ?" ಮಗಳು ಕೇಳಿದಳು.

"ಎರಡು ವರ್ಷ ಆಯ್ತಮ್ಮ."

"ಇಲ್ಲಿಗೇ ನಿಲ್ಲಿಸಿಬಿಡೋಣ್ವಾ?"

ಅವರು ಎರಡನೆಯ ರೀಲು ಏರಿಸಿದರು. ಆಮೇಲೆ ಹೇಳಿದರು: "ಕೆಳಗೆ ಹೋಗಿ ಎಲ್ರಿಗೂ ಹೇಳು. ಆಪರೇಟರಿಗೆ ಕಣ್ಣು ಕಾಣಲ್ಲ, ಚಿತ್ರ ಮಸುಕಾದ್ರೆ ಕೂಗಿ ಅಂತ. ದಾಕ್ಷಿಣ್ಯ ಬೇಡ."

ಅವಳ ಚಪ್ಪಲಿಯ ಸದ್ದು ಮೆಲ್ಲಗೆ ಇಳಿದುಹೋಯಿತು. ಕೆಳಗೆ ಅವಳು ಏನೋ ಹೇಳಿದಳು, ದೀಪ ಆರಿತು. ಯಂತ್ರ ಶುರು ಮಾಡಿ ಕಾದರು. ಯಾರೂ ಕೂಗಲಿಲ್ಲ.

"ಏನ್ರೀ ಆಪರೇಟ್ರೇ, ನಿದ್ದೆ ಬಂತಾ?" ಹಿಂದಿನ ಸಾಲಿನಿಂದ ಒರಟು ದನಿಯೊಂದು ಬಂತು. ಯಾರೋ ಶಿಳ್ಳೆ ಹೊಡೆದರು. ಆಮೇಲೆ ನಾಲ್ಕೂ ಕಡೆಯಿಂದ ಕೂಗು.

ತಿರುಪು ತಿರುಗಿಸಿದರು. ಗದ್ದಲ ಜೋರಾಯಿತು. ಈ ಕಡೆಗಲ್ಲ ಎಂದು ಗೊತ್ತಾಯಿತು. ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಹಿಂದಕ್ಕೆ ತಂದರು. ಶಿಳ್ಳೆ ನಿಂತಿತು, ಬೈಗುಳ ಕಡಿಮೆಯಾಯಿತು. ಕೊನೆಗೆ ಉಳಿದದ್ದು ಮಗಳ ದನಿಯೊಂದೇ.

"ಇನ್ನೊಂಚೂರು."

ಇನ್ನೊಂಚೂರು ತಿರುಗಿಸಿದರು. ಅವಳೂ ಸುಮ್ಮನಾದಳು. ಕತ್ತಲಲ್ಲಿ ಕುದುರೆಗಳ ಗೊರಸಿನ ಸದ್ದು ಮಾತ್ರ ಉಳಿಯಿತು. ಆಪರೇಟರು ತಿರುಪಿನಿಂದ ಬೆರಳು ತೆಗೆಯದೆ, ಮುಂದಿನ ಬೈಗುಳಕ್ಕೆ ಕಿವಿಗೊಟ್ಟು ನಿಂತರು.